ಬಡವನ ಸಿಟ್ಟು, ಮಾತಿಲ್ಲದವರ ದವಡೆ

ಮಾಣಿಕನಗರದ ದತ್ತ ಜಯಂತಿಯ ಉತ್ಸವಕ್ಕೆ ವರ್ಷಕ್ಕೊಮ್ಮೆ ಹೋಗಿಬರುವುದು ನಮ್ಮ ಮನೆತನದಲ್ಲಿ ಹಿರಿಯರ ಕಾಲದಿಂದ ನಡೆದುಬಂದ ರೂಢಿ. ಹುಮನಾಬಾದಿನಿಂದ ಹಿಂದೆಲ್ಲ ನಡೆದೇ ಹೋಗುತ್ತಿದ್ದೆ. ಈಗ ಮೊಣಕಾಲು ಮಾತು ಕೇಳದಿರುವುದರಿಂದ ಆಟೋ ಹಿಡಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಉತ್ಸವದ ಸಂಜೆ ಅಲ್ಲಿ ಕಂಡ ದೃಶ್ಯವೊಂದು ಮನಸ್ಸಿನಿಂದ ಇಂದಿಗೂ ಅಳಿದಿಲ್ಲ. ಅದರ ಬಗ್ಗೆ ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ, ಬರೆಯಲು ಧೈರ್ಯ ಸಾಲದೆ ಮುಂದೂಡುತ್ತ ಬಂದಿದ್ದೆ. ಏಕೆ ಧೈರ್ಯ ಸಾಲಲಿಲ್ಲವೆಂಬುದು ಮುಂದೆ ಓದುಗರಿಗೇ ತಿಳಿಯುತ್ತದೆ.

ಜನಜಂಗುಳಿಯಿಂದ ಸ್ವಲ್ಪ ದೂರದಲ್ಲಿ, ಒಂದು ಬೇವಿನ ಮರದ ಬುಡದಲ್ಲಿ, ಒಬ್ಬ ತಾಯಿ ತನ್ನ ಮಗನೊಡನೆ ಕುಳಿತಿದ್ದಳು. ಮಗನಿಗೆ ಹದಿನೆಂಟೋ ಇಪ್ಪತ್ತೋ ವಯಸ್ಸಿದ್ದೀತು. ಅವನ ಎರಡೂ ಕೈಗಳನ್ನು ಒಂದು ಹಳೆಯ ಟವೆಲ್ಲಿನಿಂದ ಮುಂದಕ್ಕೆ ಕಟ್ಟಲಾಗಿತ್ತು. ಧ್ವನಿವರ್ಧಕದ ಸದ್ದು ಏರಿದಾಗಲೆಲ್ಲ ಅವನು ಕಟ್ಟಿದ ಕೈಗಳನ್ನೇ ಎತ್ತಿ ಬಲಗಿವಿಗೆ ಅಪ್ಪಳಿಸಿಕೊಳ್ಳುತ್ತಿದ್ದ. ಕಿವಿಯ ಹಿಂದಿನ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ದಾರಿಹೋಕರೊಬ್ಬರು, ನೋಡಲು ಸಭ್ಯ ಗೃಹಸ್ಥರೇ, ನಿಂತು ಆ ತಾಯಿಗೆ ಬುದ್ಧಿ ಹೇಳಿದರು: “ಎರಡು ಬಿಗಿರಿ, ತಾನಾಗೇ ಬಿಡ್ತಾನ. ದಂಡಂ ದಶಗುಣಂ ಅಂತ ಸುಮ್ಮನೆ ಹೇಳ್ಯಾರೇನು?” ಆಕೆ ಅವರಿಗೆ ಉತ್ತರ ಕೊಡಲಿಲ್ಲ. ಅವರು ಹೋದ ಮೇಲೆ ನನ್ನತ್ತ ತಿರುಗಿ, “ಕೈ ಬಿಚ್ಚಿದ್ರ ಕಿವಿ ಒಡ್ಕೋತಾನ್ರೀ. ಕಟ್ಟಿದ್ರ ನಾ ಪಾಪಿ ಅಂತಾರ. ನಾ ಏನ್ ಮಾಡ್ಲಿ ಹೇಳ್ರಿ?” ಎಂದಳು.

ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಆ ಗೃಹಸ್ಥರು ಆಡಿದ ಮಾತನ್ನು ನಾನೂ ಒಮ್ಮೆ, ಬೇರೊಬ್ಬ ಮಗುವಿನ ತಂದೆಗೆ, ಹೆಚ್ಚುಕಡಿಮೆ ಅದೇ ಪದಗಳಲ್ಲಿ ಆಡಿದ್ದೆ.

ಅದು 1986ನೆಯ ಇಸವಿ. ಈ ಸೀಮೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಎರಡನೆಯ ತರಗತಿಯನ್ನು ನೋಡಿಕೊಳ್ಳುತ್ತಿದ್ದೆ. ತರಗತಿಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದ. ನಾಲ್ಕೈದು ಪದಗಳ ಹೊರತು ಅವನಿಗೆ ಮಾತು ಬರುತ್ತಿರಲಿಲ್ಲ. ಅಂದಿನ ಭಾಷೆಯಲ್ಲಿ ಅವನನ್ನು ಎಲ್ಲರೂ ‘ಮಂದಬುದ್ಧಿ’ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಪಾಟಿ ತೆಗೆದು ಅಕ್ಷರ ತಿದ್ದಲು ಹೇಳಿದರೆ ಅವನು ತನ್ನ ಎಡಗೈಯ ಹೆಬ್ಬೆರಳ ಬುಡವನ್ನು ಬಾಯಿಗಿಟ್ಟು ಕಚ್ಚುತ್ತಿದ್ದ. ಮೊದಮೊದಲು ಹಲ್ಲಿನ ಗುರುತು ಮಾತ್ರ ಬೀಳುತ್ತಿತ್ತು, ಆಮೇಲೆ ರಕ್ತ ಬರತೊಡಗಿತು. ಉಳಿದ ಮಕ್ಕಳು ಹೆದರಿ ಕೂಗುತ್ತಿದ್ದುದರಿಂದ ನಾನು ಅವನನ್ನು ಹೊರಗೆ ಕಳುಹಿಸುತ್ತಿದ್ದೆ. ಅವನು ಅಂಗಳದ ಮರದ ಕೆಳಗೆ ಹೋಗಿ ಕುಳಿತು ಬೆಣಚುಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಅಲ್ಲಿ ಅವನು ಕೈ ಕಚ್ಚಿಕೊಂಡದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ವಾರಕ್ಕೆರಡು ಬಾರಿ ನಡೆಯುತ್ತಿದ್ದ ಇದು ಒಂದೆರಡು ತಿಂಗಳಲ್ಲಿ ದಿನವೂ ನಡೆಯತೊಡಗಿತು. ಕೊನೆಗೆ ನಾನು ಪಾಟಿಯ ಕಡೆ ಕೈ ಚಾಚುವ ಮೊದಲೇ ಅವನ ಕೈ ಬಾಯಿಗೆ ಹೋಗುತ್ತಿತ್ತು. ರೋಗ ಉಲ್ಬಣಿಸುತ್ತಿದೆ ಎಂದು ನಾನು ತಿಳಿದೆ. ಆಗ ಛಡಿಯ ಪ್ರಯೋಗವನ್ನೂ ಮಾಡಿದೆ. ಕಚ್ಚಿದ ಕೈಗೇ ಎರಡು ಏಟು ಕೊಟ್ಟೆ, ಅವನು ಇನ್ನೂ ಗಟ್ಟಿಯಾಗಿ ಕಚ್ಚಿದ. ತಂದೆಯನ್ನು ಕರೆಸಿ, “ಮನೆಯಲ್ಲಿ ಸ್ವಲ್ಪ ಭಯ ಇಡಿ, ಎರಡು ಬಿಗಿದರೆ ಬಿಡುತ್ತಾನೆ” ಎಂದೆ. ಅದೂ ಫಲಿಸದಾಗ, “ಇವನಿಗೆ ಶಾಲೆ ಸರಿಹೊಂದುವುದಿಲ್ಲ, ಮನೆಯಲ್ಲೇ ಇರಲಿ” ಎಂದು ಹೇಳಿ ಕೈತೊಳೆದುಕೊಂಡೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವನು ನಾನೇ. ಆ ತಂದೆ ಬಡ ಒಕ್ಕಲಿಗ. ನನಗೆ ಕೈಮುಗಿದು ಮಗನನ್ನು ಕರೆದುಕೊಂಡು ಹೋದ.

ಆ ಮಗು ನನ್ನ ತರಗತಿಯಲ್ಲಿ ಒಂದೇ ಒಂದು ಪಾಠವನ್ನು ಪೂರ್ಣವಾಗಿ ಕಲಿತಿತ್ತು: ‘ಕೈ ಕಚ್ಚಿಕೊಂಡರೆ ಪಾಟಿ ದೂರವಾಗುತ್ತದೆ.’ ಆ ಪಾಠವನ್ನು ಕಲಿಸಿದವನು ನಾನು. ಪ್ರತಿ ಬಾರಿ ಅವನನ್ನು ಹೊರಗೆ ಕಳುಹಿಸಿದಾಗಲೂ ಅದನ್ನು ಮತ್ತಷ್ಟು ಗಟ್ಟಿ ಮಾಡಿಸಿದೆ. ಇದು ನನಗೆ ಅರ್ಥವಾದದ್ದು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, ಮಾಣಿಕನಗರದ ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಸಿಕ್ಕಿದ್ದನ್ನೆಲ್ಲ ಓದತೊಡಗಿದಾಗ.

ಓದುಗ ಮಿತ್ರರೇ, ‘ಬಡವನ ಸಿಟ್ಟು ದವಡೆಗೆ ಮೂಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹೊರಗೆ ತೋರಿಸಲಾಗದ ಸಿಟ್ಟು ತನ್ನ ಹಲ್ಲನ್ನೇ ಕಡಿಯುತ್ತದೆ, ತನ್ನ ದವಡೆಯನ್ನೇ ನೋಯಿಸುತ್ತದೆ ಎಂಬುದು ಅದರ ತಾತ್ಪರ್ಯ. ಹಣದಲ್ಲಿ ಬಡವನಾದವನ ಮಾತೇ ಹೀಗಾದರೆ ಮಾತಿನಲ್ಲೇ ಬಡವನಾದವನ ಗತಿಯೇನು? ಹೊಟ್ಟೆ ನೋಯುತ್ತಿದೆ, ಈ ಸದ್ದು ಸಹಿಸಲಾರೆ, ಈ ಕೆಲಸ ನನಗೆ ತಿಳಿಯದು, ನನ್ನ ಬಳಿ ಸ್ವಲ್ಪ ಹೊತ್ತು ಕೂರು - ಇವಿಷ್ಟನ್ನು ಹೇಳಲು ನಾಲಿಗೆಯಿಲ್ಲದ ಜೀವ ಏನು ಮಾಡಬೇಕು? ತಲೆಯನ್ನು ಗೋಡೆಗೆ ಬಡಿಯುವುದು, ಕೈ ಕಚ್ಚಿಕೊಳ್ಳುವುದು, ಕಣ್ಣನ್ನು ಒತ್ತಿಕೊಳ್ಳುವುದು, ಚರ್ಮವನ್ನು ಕೆರೆದು ಗಾಯ ಮಾಡಿಕೊಳ್ಳುವುದು ಇವುಗಳನ್ನು ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಇರುವ ಕೆಲವರಲ್ಲಿ ಕಾಣುತ್ತೇವೆ. ಇದು ಬದುಕು ಬೇಡವೆಂದು ಮಾಡಿಕೊಳ್ಳುವ ಆತ್ಮಹತ್ಯೆಯ ಪ್ರಯತ್ನವಲ್ಲ, ಹಟವೂ ಅಲ್ಲ, ದೆವ್ವದ ಕಾಟವಂತೂ ಖಂಡಿತ ಅಲ್ಲ. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೊಂದು ಕಾರಣವಿರುತ್ತದೆ, ಆ ಕಾರಣವನ್ನು ಹುಡುಕಿ ತೆಗೆಯಲು ಸಾಧ್ಯವಿದೆ.

ಹಾಗೆ ಹುಡುಕುವ ವಿಧಾನವನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರು ಬ್ರಯನ್ ಇವಾಟ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು. 1982ರಲ್ಲಿ ಪ್ರಕಟವಾದ ಅವರ ಅಧ್ಯಯನ ಈ ವಿಷಯದಲ್ಲಿ ಒಂದು ಮೈಲಿಗಲ್ಲು. ತಮ್ಮನ್ನು ತಾವೇ ಘಾಸಿಗೊಳಿಸಿಕೊಳ್ಳುತ್ತಿದ್ದ 9 ಮಂದಿಯನ್ನು ಅವರು ವೈದ್ಯಕೀಯ ನಿಗಾವಣೆಯಲ್ಲಿ, ಅಲ್ಪಾವಧಿಯವರೆಗೆ, ನಾಲ್ಕು ಬಗೆಯ ಸನ್ನಿವೇಶಗಳಲ್ಲಿ ಗಮನಿಸಿದರು. ಮೊದಲನೆಯದರಲ್ಲಿ ಪಾಠ ಹೇಳುವುದು, ಘಾಸಿ ಮಾಡಿಕೊಂಡರೆ ಪಾಠ ನಿಲ್ಲಿಸುವುದು. ಎರಡನೆಯದರಲ್ಲಿ ಹತ್ತಿರವಿದ್ದೂ ಗಮನ ಕೊಡದಿರುವುದು, ಘಾಸಿ ಮಾಡಿಕೊಂಡಾಗ ಮಾತ್ರ ‘ಹಾಗೆ ಮಾಡಬೇಡ’ ಎಂದು ಕಳಕಳಿ ತೋರುವುದು. ಮೂರನೆಯದರಲ್ಲಿ ಆಟಿಕೆ ಕೊಟ್ಟು ಒತ್ತಾಯವಿಲ್ಲದೆ ಜತೆಗಿರುವುದು, ನಾಲ್ಕನೆಯದರಲ್ಲಿ ಒಬ್ಬರನ್ನೇ ಬಿಡುವುದು. 9 ಮಂದಿಯಲ್ಲಿ 6 ಮಂದಿಯ ವರ್ತನೆ ಯಾವುದೋ ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ ಮತ್ತೆ ಮತ್ತೆ ಹೆಚ್ಚಾಗುತ್ತಿತ್ತು. ಅಂದರೆ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಹೊಡೆತಗಳಿಗೆ ಬೇರೆ ಬೇರೆ ಅರ್ಥಗಳಿದ್ದವು.

ಮುಂದೆ 1994ರಲ್ಲಿ ಇದೇ ತಂಡ 152 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿತು. ಅವರಲ್ಲಿ ನೂರಕ್ಕೆ 38ರಷ್ಟು ಮಂದಿಗೆ ಈ ವರ್ತನೆ ಬೇಡವಾದ ಕೆಲಸದಿಂದ ಅಥವಾ ಸನ್ನಿವೇಶದಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ನೂರಕ್ಕೆ 26ರಷ್ಟು ಮಂದಿಗೆ ಜನರ ಗಮನವನ್ನೋ ಬೇಕಾದ ವಸ್ತುವನ್ನೋ ಪಡೆಯುವ ದಾರಿಯಾಗಿತ್ತು. ಮತ್ತೆ ಸುಮಾರು 26ರಷ್ಟು ಮಂದಿಗೆ ಹೊರಗಿನವರ ಸಂಬಂಧವೇ ಇಲ್ಲದೆ ಅದು ದೇಹಕ್ಕೇ ಏನೋ ಒಂದು ಸಂವೇದನೆಯನ್ನೋ ಶಮನವನ್ನೋ ಕೊಡುತ್ತಿತ್ತು. ಆ ಮೊದಲ 38ರ ಗುಂಪಿನಲ್ಲಿ ನನ್ನ ಹುಡುಗನನ್ನು ನಾನು ಕಂಡೆ. ಪಾಟಿ, ಕಚ್ಚುವಿಕೆ, ಬೇವಿನ ಮರ: ಎಲ್ಲವೂ ಅಲ್ಲಿತ್ತು. 1986ರಲ್ಲಿ ನಾನು ಛಡಿ ಎತ್ತಿದಾಗ ಈ ತಿಳಿವಳಿಕೆ ಮುದ್ರಣಗೊಂಡು ನಾಲ್ಕು ವರ್ಷಗಳಾಗಿದ್ದವು.

ಕಾರಣ ತಿಳಿದ ಮೇಲೆ ಏನು ಮಾಡಬೇಕು? ಇದಕ್ಕೆ 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಂಡ್ ಎಂಬವರು ತರಗತಿಯಲ್ಲೇ ಮಾಡಿ ತೋರಿಸಿದ ಉಪಾಯ ಎಷ್ಟು ಸರಳವೆಂದರೆ, ಓದಿದಾಗ ನನಗೆ ನಾಚಿಕೆಯಾಯಿತು. ನಾಲ್ವರು ಮಕ್ಕಳಲ್ಲಿ ಯಾರಿಗೆ ಕಠಿಣ ಪಾಠದಿಂದ ಕಷ್ಟವಾಗುತ್ತಿತ್ತೋ ಅವರಿಗೆ ‘ನನಗೆ ಅರ್ಥವಾಗಲಿಲ್ಲ’ ಎಂದು ಹೇಳಲು ಕಲಿಸಿದರು. ಯಾರಿಗೆ ಗಮನ ಬೇಕಿತ್ತೋ ಅವರಿಗೆ ‘ನಾನು ಸರಿಯಾಗಿ ಮಾಡುತ್ತಿದ್ದೇನೆಯೇ?’ ಎಂದು ಕೇಳಲು ಕಲಿಸಿದರು. ಹಾಗೆ ಕೇಳಿದಾಗ ಶಿಕ್ಷಕರು ಕೂಡಲೇ ನೆರವಿಗೆ ಬಂದರು. ತೊಂದರೆಯ ವರ್ತನೆಗಳು ಬಹಳಷ್ಟು ಇಳಿದವು. ಮಾತೇ ಬಾರದವರಿಗೆ ಒಂದು ಸನ್ನೆ, ಒಂದು ಚಿತ್ರದ ಚೀಟಿ, ಒಂದು ವಸ್ತು ಸಾಕು. ಕಚ್ಚುವಿಕೆ ಮಾಡುತ್ತಿದ್ದ ಕೆಲಸವನ್ನೇ ಅದಕ್ಕಿಂತ ಸುಲಭವಾಗಿ, ನೋವಿಲ್ಲದೆ ಮಾಡಿಕೊಡುವ ಬೇರೊಂದು ‘ಮಾತು’ ಸಿಕ್ಕರೆ ಕಚ್ಚುವ ಅಗತ್ಯ ಕಡಿಮೆಯಾಗುತ್ತದೆ. ವರ್ತನಾ ಚಿಕಿತ್ಸೆಯ ಸಾರ ಇಷ್ಟೇ.

ಆದರೆ ವರ್ತನಾ ಚಿಕಿತ್ಸೆ ಎಂಬ ಹೆಸರಿನಲ್ಲಿ ಎಲ್ಲವೂ ಹೀಗೆ ಕರುಣೆಯಿಂದಲೇ ನಡೆದಿದೆ ಎಂದು ಹೇಳಲಾರೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೋವಾಸ್ ಎಂಬ ವಿದ್ವಾಂಸರು ಇಂಥ ಮಕ್ಕಳಿಗೆ ವಿದ್ಯುತ್ ಆಘಾತ ಕೊಟ್ಟು ವರ್ತನೆಯನ್ನು ನಿಲ್ಲಿಸಲು ಯತ್ನಿಸಿದರು. ಮ್ಯಾಸಚೂಸೆಟ್ಸ್ ರಾಜ್ಯದ ಜಡ್ಜ್ ರೋಟೆನ್‌ಬರ್ಗ್ ಕೇಂದ್ರವೆಂಬಲ್ಲಿ ಮೈಗೆ ಕಟ್ಟಿದ ಯಂತ್ರದಿಂದ ಚರ್ಮಕ್ಕೆ ಆಘಾತ ಕೊಡುವ ಪದ್ಧತಿ ದಶಕಗಳ ಕಾಲ ನಡೆಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರ ಮಾರ್ಚಿನಲ್ಲಿ ಅಂಥ ಯಂತ್ರಗಳನ್ನು ನಿಷೇಧಿಸಿತು. 2021ರಲ್ಲಿ ನ್ಯಾಯಾಲಯವು ಆ ಆಡಳಿತಕ್ಕೆ ಹಾಗೆ ನಿಷೇಧಿಸುವ ಅಧಿಕಾರವಿಲ್ಲವೆಂದು ಆಜ್ಞೆಯನ್ನು ರದ್ದುಮಾಡಿತು. 2022ರ ಕೊನೆಯಲ್ಲಿ ಅಲ್ಲಿನ ಸಂಸತ್ತು ಕಾನೂನನ್ನೇ ತಿದ್ದಿ ಅಧಿಕಾರ ಕೊಟ್ಟಿತು, 2024ರ ಮಾರ್ಚಿನಲ್ಲಿ ನಿಷೇಧದ ಹೊಸ ಪ್ರಸ್ತಾವ ಹೊರಬಂತು. ಮುಂದುವರಿದ ದೇಶವೊಂದರಲ್ಲಿ, ಮಾತಿಲ್ಲದವರಿಗೆ ವಿದ್ಯುತ್ ಆಘಾತ ಕೊಡಬಾರದೆಂಬ ಒಂದು ಮಾತಿಗೆ ಇಷ್ಟು ಹೋರಾಟ ಬೇಕಾಯಿತು.

ಆಘಾತವನ್ನು ಸಮರ್ಥಿಸಿದವರಲ್ಲಿ ಹೆತ್ತವರೂ ಇದ್ದರು ಎಂಬುದನ್ನು ಮರೆಮಾಚಬಾರದು. ಮಗ ಕಣ್ಣಿಗೆ ಗುದ್ದಿಕೊಂಡು ಕುರುಡನಾಗುವುದನ್ನು ಕಂಡು, ಬೇರೆ ಯಾವುದೂ ಫಲಿಸದೆ, ಇದಾದರೂ ಇರಲಿ ಎಂದವರು ಅವರು. ಅವರ ಕಣ್ಣೀರನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಆದರೆ ಛಡಿ ಹಿಡಿದಿದ್ದ ಕೈಯ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಶಿಕ್ಷೆಯು ಆ ಕ್ಷಣಕ್ಕೆ ಕೈಯನ್ನು ನಿಲ್ಲಿಸಬಹುದು, ಕೈ ಹೇಳಹೊರಟ ಮಾತು ಒಳಗೇ ಉಳಿಯುತ್ತದೆ. ಹಲ್ಲುನೋವಿನಿಂದ ದವಡೆಗೆ ಗುದ್ದಿಕೊಳ್ಳುವ ಮಗುವಿಗೆ ಏಟು ಕೊಟ್ಟರೆ ಅದರ ಪಾಲಿಗೆ ಎರಡು ನೋವುಗಳಾಗುತ್ತವೆ, ಹೇಳಿಕೊಳ್ಳುವ ದಾರಿ ಮಾತ್ರ ಒಂದೂ ಇರುವುದಿಲ್ಲ. ಅಲ್ಲದೆ ಏಟಿನ ಪರಿಣಾಮ ಇಳಿದಂತೆ ಇನ್ನೂ ದೊಡ್ಡ ಏಟು ಬೇಕಾಗುತ್ತದೆ ಎಂಬುದನ್ನು ಅರಿಯದ ಹಳೆಯ ಮಾಸ್ತರರು ಯಾರಿದ್ದಾರೆ?

ಇನ್ನು ನಮ್ಮ ಕಡೆಯ ವಿಚಾರಕ್ಕೆ ಬರೋಣ. ನಮ್ಮಲ್ಲಿ ವಿದ್ಯುತ್ ಯಂತ್ರಗಳಿಲ್ಲ, ಹಗ್ಗವಿದೆ, ಸರಪಳಿಯಿದೆ, ಕೋಣೆಯ ಅಗುಳಿಯಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದ ಮನೋರೋಗಿಗಳು ಓಡಲಾಗದೆ ಬೆಂದುಹೋದರು. ಸತ್ತವರು 28 ಮಂದಿ. ಅದಾದ ಮೇಲೆ ದೇಶ ಎಚ್ಚೆತ್ತುಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಬೌದ್ಧಿಕ ಅಂಗವೈಕಲ್ಯ ಮತ್ತು ಆಟಿಸಂ ಎರಡೂ ಅದರಲ್ಲಿ ಸೇರಿವೆ. ಚಿತ್ರಹಿಂಸೆ ಹಾಗೂ ಅಮಾನವೀಯ ನಡವಳಿಕೆಯಿಂದ ಇವರಿಗೆ ರಕ್ಷಣೆ ಕೊಡಬೇಕೆಂದು ಅದರ 6ನೆಯ ಕಲಮು ವಿಧಿಸುತ್ತದೆ.

ಕಾಯ್ದೆ ಒಳ್ಳೆಯದೇ. ಆದರೆ ಮಾಣಿಕನಗರದ ಬೇವಿನ ಮರದ ಕೆಳಗೆ ಕುಳಿತ ತಾಯಿಗೆ ‘ಕೈ ಕಟ್ಟಬೇಡ’ ಎಂದಷ್ಟೇ ಹೇಳಿದರೆ ಅದು ಅರ್ಧ ಮಾತಾಗುತ್ತದೆ. ಕಟ್ಟದೆ ಏನು ಮಾಡಬೇಕೆಂದು ಹೇಳಿಕೊಡುವವರು ಯಾರು? ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ 600 ಕಿಲೋಮೀಟರಿಗೂ ಹೆಚ್ಚು ದೂರ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇನ್ನೂ ಆಚೆ. ನಮಗೆ ಹತ್ತಿರದ ದೊಡ್ಡ ಸಂಸ್ಥೆಯೆಂದರೆ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ. ಬೌದ್ಧಿಕ ಅಂಗವೈಕಲ್ಯವುಳ್ಳವರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ಎಂಬುದು ಅದರ ಈಗಿನ ಹೆಸರು. ಹುಮನಾಬಾದಿನಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್. ಆ ಸಂಸ್ಥೆಯಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು 1992ರಲ್ಲಿ ನಮ್ಮ ದೇಶದ ಮಕ್ಕಳಿಗಾಗಿಯೇ ವರ್ತನೆಯ ಮಾಪನವೊಂದನ್ನು ಸಿದ್ಧಪಡಿಸಿದರು. ತೊಂದರೆಯ ವರ್ತನೆಗಳನ್ನು ಅದರಲ್ಲಿ 10 ಗುಂಪುಗಳಾಗಿ, 75 ಅಂಶಗಳಾಗಿ ವಿಂಗಡಿಸಲಾಗಿದೆ. ತನ್ನನ್ನು ತಾನೇ ಘಾಸಿಗೊಳಿಸಿಕೊಳ್ಳುವುದು ಅವುಗಳಲ್ಲಿ ಒಂದು ಗುಂಪು. ಶಿಕ್ಷಕರಿಗೆಂದೇ ಬರೆದ ಕೈಪಿಡಿಯೂ ಅದರ ಜತೆಗೆ ಬಂತು. ನಾನು ನಿವೃತ್ತನಾಗುವವರೆಗೆ ಎಷ್ಟೋ ತರಬೇತಿ ಶಿಬಿರಗಳಲ್ಲಿ ಕುಳಿತೆ, ಚಹಾ ಕುಡಿದೆ, ಹಾಜರಿ ಹಾಕಿದೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿದ್ದ ಈ ಪುಸ್ತಕದ ಹೆಸರನ್ನು ಒಬ್ಬರೂ ನನ್ನ ಕಿವಿಗೆ ಹಾಕಲಿಲ್ಲ. ನಾನೂ ಕೇಳಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಇಂಥ ಮಕ್ಕಳ ವಿಷಯದಲ್ಲಿ ‘ಇದನ್ನು ನಿಲ್ಲಿಸುವುದು ಹೇಗೆ?’ ಎಂಬುದು ಎರಡನೆಯ ಪ್ರಶ್ನೆ. ‘ಇದು ಏನು ಹೇಳುತ್ತಿದೆ?’ ಎಂಬುದು ಮೊದಲನೆಯ ಪ್ರಶ್ನೆ. ಮೊದಲ ಪ್ರಶ್ನೆಯನ್ನು ಕೇಳಲು ದೊಡ್ಡ ಆಸ್ಪತ್ರೆ ಬೇಕಿಲ್ಲ. ಅದನ್ನು ಮನೆಯಲ್ಲೂ ಶಾಲೆಯಲ್ಲೂ ಅಂಗನವಾಡಿಯಲ್ಲೂ ಇಂದೇ ಕೇಳಬಹುದು.

ಮೊಟ್ಟಮೊದಲು ದೇಹವನ್ನು ನೋಡಬೇಕು. ಕಿವಿಗೆ ಹೊಡೆದುಕೊಳ್ಳುವವರ ಕಿವಿಯನ್ನು, ದವಡೆಗೆ ಗುದ್ದಿಕೊಳ್ಳುವವರ ಹಲ್ಲನ್ನು ವೈದ್ಯರಿಗೆ ತೋರಿಸಬೇಕು. ಸೋರುವ ಕಿವಿ, ಹುಳುಕು ಹಲ್ಲು, ಮಲಬದ್ಧತೆ, ಎದೆಯುರಿ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವು, ನಿದ್ರೆಗೇಡು ಇವೆಲ್ಲ ಮಾತಿಲ್ಲದವರಲ್ಲಿ ಹೊಡೆತವಾಗಿ ಹೊರಬರಬಹುದು. ಹೊಸದಾಗಿ ಶುರುವಾದ ಅಥವಾ ಇದ್ದಕ್ಕಿದ್ದಂತೆ ಹೆಚ್ಚಾದ ಹೊಡೆತವನ್ನು, ಬೇರೆ ಕಾರಣ ಗೊತ್ತಾಗುವವರೆಗೆ, ನೋವೆಂದೇ ತಿಳಿಯಬೇಕು. ಲೆಶ್–ನೈಹನ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಮಕ್ಕಳು ತಮ್ಮ ತುಟಿ, ಬೆರಳುಗಳನ್ನೇ ಕಚ್ಚಿ ಹರಿದುಕೊಳ್ಳುತ್ತಾರೆ. ಅಲ್ಲಿ ಮನೆಮದ್ದಿನ ಮಾತೇ ಬರುವುದಿಲ್ಲ, ತಜ್ಞರೇ ಬೇಕು.

ಎರಡನೆಯದಾಗಿ, ಒಂದು ಎರಡು ರೂಲಿನ ನೋಟುಬುಕ್ಕನ್ನು ತೆಗೆದುಕೊಂಡು ಎರಡು ವಾರ ಬರೆದಿಡಬೇಕು. ಹೊತ್ತು ಎಷ್ಟು, ಹೊಡೆದುಕೊಳ್ಳುವ ಮೊದಲು ಏನು ನಡೆದಿತ್ತು, ಹೊಡೆದುಕೊಂಡ ಮೇಲೆ ನಾವು ಏನು ಮಾಡಿದೆವು - ಇಷ್ಟು ಸಾಕು. ಓದುಬರಹ ಬಾರದ ತಾಯಿಯಾದರೆ ಶಾಲೆಗೆ ಹೋಗುವ ಮಗಳು ಬರೆಯಲಿ. ಇವಾಟ ಅವರ ಪರೀಕ್ಷೆಗಳನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು, ಅದು ತಜ್ಞರ ಕೆಲಸ. ನೋಡಿ ಬರೆಯುವುದರಿಂದ ಮಾತ್ರ ಯಾರಿಗೂ ಅಪಾಯವಿಲ್ಲ. ನಾನು 1986ರಲ್ಲಿ ಇಂಥ ಒಂದು ಪುಟ ಬರೆದಿದ್ದರೆ ಪಾಟಿ ಮತ್ತು ಬೇವಿನ ಮರ ನಾಲ್ಕೇ ದಿನಗಳಲ್ಲಿ ಕಣ್ಣಿಗೆ ಹೊಡೆಯುತ್ತಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅರೆಬರೆ ತಿಳಿದವರು ‘ಇದೆಲ್ಲ ಗಮನ ಸೆಳೆಯುವ ನಾಟಕ, ನೋಡಿದರೂ ನೋಡದ ಹಾಗಿರಿ’ ಎಂದು ಉಪದೇಶಿಸುವುದುಂಟು. ಗಮನ ಬೇಕೆನ್ನುವುದು ಅಪರಾಧವೇ? ಅನ್ನದಷ್ಟೇ ಅಗತ್ಯವಾದದ್ದು ಅದು. ಕಡೆಗಣಿಸಿದರೆ ಹೊಡೆತ ಮೊದಲು ಇನ್ನೂ ಜೋರಾಗುವುದೇ ಹೆಚ್ಚು. ಅಷ್ಟರಲ್ಲಿ ಕಣ್ಣೋ ತಲೆಯೋ ಹೋದರೆ ಯಾರು ಹೊಣೆ? ಹೊಡೆದುಕೊಂಡ ಮೇಲೆ ಓಡಿಬರುವ ಬದಲು ಹೊಡೆದುಕೊಳ್ಳುವ ಮೊದಲೇ ದಿನಕ್ಕೆ ಹತ್ತು ಬಾರಿ ಹತ್ತಿರ ಕೂರುವುದು ಜಾಣತನ. ಹಾಗೆಯೇ ಮಾತ್ರೆಗಳ ವಿಷಯ. ರಿಸ್ಪೆರಿಡೋನ್‌ನಂಥ ಔಷಧಗಳನ್ನು ವೈದ್ಯರು ಕೆಲವರಿಗೆ ಕೊಡುತ್ತಾರೆ, ಕೆಲವರಿಗೆ ಅದರಿಂದ ಉಪಕಾರವಾಗುತ್ತದೆ. ಆದರೆ ಮಗುವನ್ನು ಮಂಕಾಗಿಸಿ ಮೂಲೆಯಲ್ಲಿ ಕೂರಿಸುವುದು ಚಿಕಿತ್ಸೆಯಾಗಲಾರದು. ತಲೆಗೆ ರಕ್ಷಣೆಯ ಟೋಪಿ, ಗೋಡೆಗೆ ಹಾಸಿಗೆ ಇವು ಅಪಾಯದ ಹೊತ್ತಿಗೆ ಬೇಕೇ ಬೇಕು, ಕಾರಣವನ್ನು ಹುಡುಕುವವರೆಗಿನ ಆಸರೆಯಾಗಿ. ಮಗು ಸದ್ದಿಲ್ಲದಿರಬೇಕು, ನಾವು ಹೇಳಿದಂತೆ ಕೇಳಬೇಕು ಎಂಬುದು ಗುರಿಯಾಗಬಾರದೆಂದು ಆಟಿಸಂ ಇರುವ ಹಿರಿಯರೇ ಇಂದು ಹೇಳುತ್ತಿದ್ದಾರೆ. ಅವರ ಮಾತಿಗೆ ನಾವು ಕಿವಿಗೊಡಬೇಕು.

ಮೂರನೆಯದು ಸರಕಾರ ಮತ್ತು ಸಮಾಜಕ್ಕೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಲ್ಪ ಗೌರವಧನಕ್ಕೆ ಮನೆಮನೆ ತಿರುಗುವವರು. ಪಿಂಚಣಿಯ ಅರ್ಜಿ, ಗುರುತಿನ ಚೀಟಿಗಳ ಜತೆಗೆ ಇವರಿಗೂ, ಆಶಾ ಕಾರ್ಯಕರ್ತೆಯರಿಗೂ, ನಮ್ಮ ಶಿಕ್ಷಕರಿಗೂ ಈ ಮೂರು ಪ್ರಶ್ನೆಗಳ ಪುಟವನ್ನು ಬರೆಯಿಸುವ, ಚಿತ್ರದ ಚೀಟಿ ಬಳಸುವ ತರಬೇತಿಯನ್ನು ಕನ್ನಡದಲ್ಲಿ, ಬೀದರಿನಲ್ಲೇ ಕೊಡಬೇಕು. ತಿಂಗಳಿಗೊಂದು ದಿನವಾದರೂ ತಾಲ್ಲೂಕು ಕೇಂದ್ರಕ್ಕೆ ವರ್ತನಾ ತಜ್ಞರು ಬರುವಂತಾಗಬೇಕು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಆರೋಗ್ಯವನ್ನು ಹಳ್ಳಿಗೆ ತಂದದ್ದು ಇಡೀ ದೇಶಕ್ಕೆ ಮಾದರಿಯಾಯಿತು. ಬಳ್ಳಾರಿಯಲ್ಲಿ ಅಂದು ಸಾಧ್ಯವಾದದ್ದು ಬೀದರಿನಲ್ಲಿ ಇಂದು ಏಕೆ ಸಾಧ್ಯವಾಗಬಾರದು?

ಕೊನೆಯದಾಗಿ ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಹಳೆಯ ಶಿಷ್ಯನೊಬ್ಬನನ್ನು ಜತೆಗೆ ಕರೆದುಕೊಂಡು ಆ ಹಳ್ಳಿಗೆ ಹೋದೆ. ತಂದೆತಾಯಿ ಇಬ್ಬರೂ ತೀರಿಹೋಗಿದ್ದರು. ಅಂದಿನ ಹುಡುಗನಿಗೆ ಈಗ ನಡುವಯಸ್ಸು ದಾಟಿದೆ, ಅಣ್ಣನ ಮನೆಯಲ್ಲಿದ್ದಾನೆ. ದನದ ಕೊಟ್ಟಿಗೆ ಬಳಿಯುತ್ತಾನೆ, ಹೊಲದಿಂದ ಮೇವಿನ ಹೊರೆ ತರುತ್ತಾನೆ. ಎಡಗೈಯ ಹೆಬ್ಬೆರಳ ಬುಡದಲ್ಲಿ ಚರ್ಮ ಗಂಟುಗಟ್ಟಿದೆ. ಅದು ಹಳೆಯ ಗಾಯ, ಹೊಸದಲ್ಲ. ಈಗಲೂ ಕಚ್ಚಿಕೊಳ್ಳುತ್ತಾನೆಯೇ ಎಂದು ಅವನ ಅತ್ತಿಗೆಯನ್ನು ಕೇಳಿದೆ. ಆಕೆ ಹೇಳಿದ್ದಿಷ್ಟು: ತಾನು ಸೊಸೆಯಾಗಿ ಬಂದ ಹೊಸದರಲ್ಲಿ ಬಹಳ ಕಚ್ಚಿಕೊಳ್ಳುತ್ತಿದ್ದ. ಯಾವಾಗ ಎಂದು ನೋಡುತ್ತ ಬಂದಳು. ಮೂರನೆಯ ಹೊರೆಗೆ ಕಳುಹಿಸಿದಾಗ, ಮನೆಗೆ ಹೆಚ್ಚು ಮಂದಿ ಬೀಗರು ಬಂದಾಗ. ಅವನ ಹೆಗಲ ಮೇಲೆ ಸದಾ ಒಂದು ಕೆಂಪು ಟವೆಲ್ ಇರುತ್ತಿತ್ತು. ಕೈ ಬಾಯಿಗೆ ಹೋಗುವ ಮುನ್ನವೇ ಆಕೆ ಅವನ ಕೈ ಹಿಡಿದು ಆ ಟವೆಲ್ಲನ್ನು ಗೂಟಕ್ಕೆ ಹಾಕಿಸಿ, ಕೆಲಸ ಬಿಡಿಸಿ, ಕೊಟ್ಟಿಗೆಯ ಮಗ್ಗುಲಲ್ಲಿ ಒಬ್ಬನನ್ನೇ ಕೂರಲು ಬಿಡತೊಡಗಿದಳು. ಕೆಲವು ವಾರಗಳಲ್ಲಿ ಅವನೇ ಟವೆಲ್ ತೂಗುಹಾಕಲು ಕಲಿತ. ಮೊದಮೊದಲು ದಿನಕ್ಕೆ ಹತ್ತು ಸಲ ಹಾಕುತ್ತಿದ್ದನಂತೆ, ಹತ್ತೂ ಸಲ ಆಕೆ ಒಪ್ಪಿಕೊಂಡಳಂತೆ. ಈಗ ಒಂದೆರಡು ಸಲ. “ಗೂಟಕ್ಕ ಹಾಕಿದ್ರ ‘ಸಾಕು’ ಅಂದಂಗ್ರೀ ಸರ್. ಮನ್ಯಾಗ ಸಣ್ಣ ಹುಡುಗರಿಗೂ ಗೊತ್ತದ” ಎಂದಳು.

ಆ ಹೆಣ್ಣುಮಗಳು ನಾಲ್ಕನೆಯ ತರಗತಿಯವರೆಗೆ ಓದಿದವಳು. ಕಾರ್ ಮತ್ತು ಡ್ಯೂರಂಡರ ಹೆಸರನ್ನು ಕೇಳಿದವಳಲ್ಲ. ಮಾಣಿಕನಗರದಲ್ಲಿ ಕೈ ಕಟ್ಟಿದ್ದ ಟವೆಲ್ಲೂ ಇಂಥದ್ದೇ ಆಗಿತ್ತು.

ನಾವು ಮಾತನಾಡುತ್ತಿದ್ದಾಗ ಅವನು ಮೇವಿನ ಹೊರೆಯೊಂದಿಗೆ ಒಳಗೆ ಬಂದ. ಹೊರೆ ಇಳಿಸಿ ನನ್ನನ್ನೇ ಬಹಳ ಹೊತ್ತು ನೋಡಿದ. ಗುರುತು ಹಿಡಿದನೋ ಇಲ್ಲವೋ ನಾನರಿಯೆ. ನಾನು ಅವನ ಹೆಸರು ಹಿಡಿದು ಕರೆದೆ. ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಗೋಡೆಯ ಗೂಟಕ್ಕೆ ತೂಗುಹಾಕಿದ.

ಅತ್ತಿಗೆ ಸಂಕೋಚದಿಂದ ನನ್ನ ಮುಖ ನೋಡಿದಳು. ನಾನು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತೆ.